ಕತ್ತಿ ಹಿಡಿದ ಬಾಬೋ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವನ ಧೈರ್ಯ ನೋಡಿ. ಗುರುತು ಪರಿಚಯ ಅಷ್ಟಕ್ಕಷ್ಟೇ, ಗಂಟಲ ಮೇಲೆ ಹರಿತವಾದ ಕತ್ತಿ; ಆದರೂ ಚುನಾವಣೆಯ ಸುದ್ದಿಗೆ ಹೂಂಗುಟ್ಟುತ್ತ ಹಾಯಾಗಿ ತೂಕಡಿಸುತ್ತಾನೆ. ಹರ್ಮನ್ ಮೆಲ್ವಿಲ್ ಎಂಬ ಪುಣ್ಯಾತ್ಮ ಈ ನೆಮ್ಮದಿಗೇ ಕೈಹಾಕಿದ. ‘ಮೋಬಿ ಡಿಕ್’ನ ತಿಮಿಂಗಿಲಕ್ಕೆ ಜಗ್ಗದ ನಾನು ಅವನ ‘ಬೆನಿಟೊ ಸೆರೆನೊ’ ನೀಳ್ಗತೆಯ ಒಂದು ಕ್ಷೌರಕ್ಕೆ ಬೆವತುಬಿಟ್ಟೆ.

1855ರಲ್ಲಿ ಪತ್ರಿಕೆಯಲ್ಲಿ ಮೂರು ಕಂತಾಗಿ ಬಂದ ಕತೆ. ಚಿಲಿಯ ತೀರದಾಚೆ, ಗುಲಾಮರನ್ನು ತುಂಬಿಕೊಂಡ ಸ್ಪೇನಿನ ಹಡಗೊಂದು ಜೀರ್ಣವಾಗಿ ತೇಲುತ್ತಿದೆ. ಅಮೆರಿಕದ ಕಪ್ತಾನ ಡೆಲಾನೊ ನೆರವಿಗೆ ಹೋಗುತ್ತಾನೆ. ಅಲ್ಲಿನ ಕಪ್ತಾನ ಸೆರೆನೊ ರೋಗಿಷ್ಟ. ಬಾಬೋ ಎಂಬ ಗುಲಾಮ ಅವನ ಪಕ್ಕ ಬಿಟ್ಟು ಕದಲುವುದಿಲ್ಲ. ಎಂಥ ಸ್ವಾಮಿನಿಷ್ಠೆ! ಡೆಲಾನೊಗೆ ಮನಸ್ಸು ಕರಗಿ, ಐವತ್ತು ಚಿನ್ನದ ನಾಣ್ಯಕ್ಕೆ ಇವನನ್ನು ಕೊಡುತ್ತೀರಾ ಎಂದೂ ಕೇಳುತ್ತಾನೆ. ಮೆಚ್ಚುಗೆ ಅಂದರೆ ಹಾಗೆ, ರೇಟು ಕೂಡ ಕಟ್ಟಬೇಕು.

ಅಸಲಿಗೆ ಗುಲಾಮರು ದಂಗೆಯೆದ್ದು ಹಡಗನ್ನು ವಶಪಡಿಸಿಕೊಂಡಾಗಿದೆ. ನಾಟಕದ ಸೂತ್ರ ಬಾಬೋನ ಕೈಯಲ್ಲಿ. ಕಪ್ತಾನ ಬರೀ ವೇಷಧಾರಿ. ಡೆಲಾನೊನ ಎದುರಿಗೇ ಬಾಬೋ ಯಜಮಾನನಿಗೆ ಕ್ಷೌರ ಮಾಡುತ್ತಾನೆ. ಕೊರಳಿಗೆ ಸುತ್ತಿದ ಬಟ್ಟೆ ಸ್ಪೇನಿನ ಬಾವುಟ! ಇವರಿಗೆ ಬಣ್ಣ ಕಂಡರೆ ಆಸೆ ಅಂತ ಡೆಲಾನೊ ನಗುತ್ತಾನೆ. ಮಾತಿನ ನಡುವೆ ಒಂದು ಪ್ರಶ್ನೆ ಹಾಕುತ್ತಾನೆ, ಸೆರೆನೊ ಬೆಚ್ಚುತ್ತಾನೆ, ಬಿಳಿ ನೊರೆಯ ಮೇಲೆ ರಕ್ತ. ಕೊಂಚ ಹೊತ್ತಿಗೆ ಬಾಬೋ ತನ್ನ ಕೆನ್ನೆಯ ಗಾಯ ಒತ್ತಿಕೊಂಡು ಹೊರಬಂದು, ದಣಿಗಳೇ ಕೊಯ್ದರು ಎಂದು ಗೋಳಾಡುತ್ತಾನೆ. ಡೆಲಾನೊ ಅದನ್ನೂ ನಂಬುತ್ತಾನೆ. ಮೊದಲ ಓದಿನಲ್ಲಿ ನಾವೂ ನಂಬುತ್ತೇವೆ, ಅದೇ ಮೆಲ್ವಿಲ್‌ನ ಕಿತಾಪತಿ. ಗುಲಾಮನಿಗೆ ಇಷ್ಟು ತಲೆ ಇದ್ದೀತು ಎಂಬ ಅನುಮಾನ ಹುಟ್ಟದಿರುವುದೇ ಬಾಬೋನಿಗೆ ರಕ್ಷೆ. ಬಾಬೋನನ್ನು ಖಳನಾಯಕ ಅನ್ನುವವರು ಎರಡನೇ ಸಲ ಓದಿರಲಿಕ್ಕಿಲ್ಲ.

ಕೊನೆಯ ಕೋರ್ಟು ದಾಖಲೆಯ ಪುಟಗಳು ಮಾತ್ರ ಜಿಗುಟು. ಆದರೆ ಅಲ್ಲೂ ಒಂದು ಮಸಲತ್ತಿದೆ. ಗುಟ್ಟು ಬಯಲಾಗಿ ಸೆರೆಸಿಕ್ಕ ಮೇಲೆ ಬಾಬೋ ತುಟಿಪಿಟಕ್ಕೆನ್ನುವುದಿಲ್ಲ. ಲಿಮಾದಲ್ಲಿ ಗಲ್ಲಿಗೇರುವವರೆಗೂ ಒಂದಕ್ಷರವಿಲ್ಲ. ಹೇಳಿಕೆ ಕೊಡುವವನು ಸೆರೆನೊ.

ಇದು ಪೂರ್ತಿ ಕಟ್ಟುಕತೆಯೇನೂ ಅಲ್ಲ. 1805ರಲ್ಲಿ ‘ಟ್ರಯಲ್’ ಹಡಗಿನಲ್ಲಿ ನಡೆದದ್ದನ್ನು ಡೆಲಾನೊನೇ ತನ್ನ 1817ರ ಪುಸ್ತಕದಲ್ಲಿ ಬರೆದಿದ್ದ. ಮೆಲ್ವಿಲ್ ವರ್ಷವನ್ನು 1799ಕ್ಕೆ ಜರುಗಿಸಿದ, ಹಡಗಿಗೆ ‘ಸಾನ್ ಡೊಮಿನಿಕ್’ ಎಂದು ಹೆಸರಿಟ್ಟ; ಹೈಟಿಯ ಹಳೆಯ ಹೆಸರನ್ನು ಹೋಲುವ ಇದರಿಂದ ಅಲ್ಲಿನ ಗುಲಾಮ ದಂಗೆ ಆಗಿನ ಓದುಗರಿಗೆ ಥಟ್ಟನೆ ನೆನಪಾಗಿರಬೇಕು. ಒಂದನ್ನು ಮಾತ್ರ ಬಿಟ್ಟ: ನಿಜವಾದ ಡೆಲಾನೊಗೂ ಸೆರೆನೊಗೂ ಹಡಗು ಬಿಡಿಸಿಕೊಟ್ಟದ್ದರ ಇನಾಮಿನ ಹಣಕ್ಕೆ ಬಿದ್ದ ಜಗಳ. ದೂರು, ಪ್ರತಿದೂರು ಆಗಿ ಕೊನೆಗೆ ಸ್ಪೇನಿನ ವೈಸ್‌ರಾಯ್ ಡೆಲಾನೊಗೆ 8,000 ಡಾಲರ್ ಕೊಡಿಸಿದ. ಹಡಗಿನ ಸರಕೆಂದು ಲೆಕ್ಕಕ್ಕೆ ಹಿಡಿದಿದ್ದರಲ್ಲಿ, ಮತ್ತೆ ಸಂಕೋಲೆ ಬಿದ್ದ ಆಫ್ರಿಕನ್ನರೂ ಇದ್ದರು.