ಮುಂದೂಡಿದ ಎಂಟು ವಾರ

ಶಸ್ತ್ರಚಿಕಿತ್ಸೆಯ ದಿನ ಗೊತ್ತಾದರೆ ನಮ್ಮ ಮಂಜೇಶ್ವರದ ಕಡೆಯ ಮನೆಗಳಲ್ಲಿ ಮೊದಲು ಹಣದ ಸಿದ್ಧತೆ, ಬಳಿಕ ಆಸ್ಪತ್ರೆಯಲ್ಲಿ ಜತೆಗಿರುವವರ ಸಿದ್ಧತೆ, ಆಮೇಲೆ ಹಟ್ಟಿಯ ದನವನ್ನು ನೋಡಿಕೊಳ್ಳುವವರ ಸಿದ್ಧತೆ ನಡೆಯುತ್ತದೆ. ದೇಹದ ಸಿದ್ಧತೆಯೆಂಬುದೂ ಒಂದಿದೆಯೆಂದು ನಾವು ತಿಳಿದುದು ಮನೆಯವರ ಗರ್ಭಕೋಶದ ಗಡ್ಡೆಯ ದೆಸೆಯಿಂದ.

ಮಂಗಳೂರಿನ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿದವರೇ ನಿಶ್ಚಯವಾಗಿದ್ದ ದಿನವನ್ನು ಎಂಟು ವಾರ ಮುಂದಕ್ಕೆ ಹಾಕಿದರು. ಹಿಮೋಗ್ಲೋಬಿನ್ 8.2 ಇತ್ತು, ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಲೆಕ್ಕ. ಮಗಳು ರಜೆ ಬರೆದಾಗಿತ್ತು. "ಕಡಿಮೆಯಾದ ರಕ್ತವನ್ನು ಅಲ್ಲಿಯೇ ಕೊಡಲಿಕ್ಕಾಗುವುದಿಲ್ಲವೇ?" ಎಂದು ಮನೆಯವರು ಕೇಳಿದರು. ಆಗುತ್ತದೆ, ಆದರೆ ಅನ್ಯರ ರಕ್ತಕ್ಕೆ ಅದರದೇ ಆದ ಅಪಾಯಗಳುಂಟು. ರಕ್ತಹೀನತೆಯಿರುವವರಲ್ಲಿ ಸೋಂಕೂ ಹೆಚ್ಚು, ಆಸ್ಪತ್ರೆಯ ವಾಸವೂ ಹೆಚ್ಚು. ಗಡ್ಡೆಯು ಕಾಯಬಹುದಾದಂಥದು, ಸ್ರಾವವನ್ನು ತಗ್ಗಿಸಲು ಮಾತ್ರೆಯುಂಟು, ಆದುದರಿಂದ ಕಾಯುವುದೇ ಲೇಸೆಂದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆ ಬರಲಿಲ್ಲ.

ಕಬ್ಬಿಣದ ಮಾತ್ರೆಯು ನಮ್ಮ ಹೆಂಗಸರಿಗೆ ಹೊಸತಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಅದು ಡಬ್ಬಿಯಲ್ಲಿಯೇ ಉಳಿಯುತ್ತದೆ. ಕಪ್ಪಾಗುವುದು ಮಾತ್ರೆಯ ಗುಣವೇ ಹೊರತು ರೋಗವಲ್ಲ. ಚಹಾದೊಡನೆ ನುಂಗಿದರೆ ಕಬ್ಬಿಣವು ಮೈಗೆ ಹತ್ತುವುದು ಬಹಳ ಕಡಿಮೆ, ಹಾಲೂ ಅಡ್ಡಿಯೇ. ಲಿಂಬೆಯ ಪಾನಕದೊಂದಿಗೆ ಬರಿಹೊಟ್ಟೆಯಲ್ಲಿ, ದಿನ ಬಿಟ್ಟು ದಿನ ಒಂದು, ಎಂದು ವೈದ್ಯರ ಅಪ್ಪಣೆಯಾಯಿತು. ಬೆಳಗಿನ ಚಹಾವನ್ನು ಎರಡು ಗಂಟೆ ತಡಮಾಡಿಸುವುದು ಒಂದನೆಯ ತರಗತಿಯನ್ನು ಮೌನವಾಗಿರಿಸುವುದಕ್ಕಿಂತ ಕಷ್ಟವಾಯಿತು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಿಂದ ಗಾಯ ಮಾಯುವುದಿಲ್ಲವೆಂದು ಹೆಸರು, ಹುರುಳಿ, ನುಗ್ಗೆಸೊಪ್ಪು, ಮೊಟ್ಟೆಗಳು ಸೇರಿದವು.

ಸಂಜೆ ಶಾಲೆಯ ಗುಡ್ಡದವರೆಗೆ ಅರ್ಧ ಗಂಟೆ ನಡಿಗೆ. ಮೊದಲ ವಾರ ಮೂರು ಕಡೆ ನಿಂತು ಏದುಸಿರು ಬಿಡುತ್ತಿದ್ದವರು ಆರನೆಯ ವಾರ ನಮಗಿಂತ ಮುಂದೆ ಹೋದರು. ಮೂರು ಚೆಂಡುಗಳ ಒಂದು ಉಸಿರಾಟದ ಉಪಕರಣವನ್ನೂ ಕೊಟ್ಟಿದ್ದರು. ನೆರೆಯವರೆಲ್ಲ ಅದನ್ನು ಊದಿ ನೋಡಿದರು. ಊದುವುದಲ್ಲ, ಉಸಿರನ್ನು ನಿಧಾನವಾಗಿ ಒಳಗೆಳೆದು ಚೆಂಡನ್ನು ಎತ್ತಬೇಕು. ಬೀಡಿ ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ನಮ್ಮ ಭಾವನವರು ತಮ್ಮ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಬಿಟ್ಟು ಅದನ್ನು ತ್ಯಾಗವೆನ್ನುತ್ತಿದ್ದರು.

ಸೂಚನಾಪತ್ರ ಇಂಗ್ಲಿಷಿನಲ್ಲಿತ್ತು, ಊರಿನ ಆರೋಗ್ಯ ಕೇಂದ್ರದಲ್ಲಿ ಸಿಕ್ಕಿದ್ದು ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ರೋಗಿಗೆ ಎರಡೂ ಒಂದೇ. ನಾವು ದಪ್ಪಕ್ಷರದಲ್ಲಿ ಕನ್ನಡಕ್ಕೆ ಇಳಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು. ಹಿಂದಿನ ಮಧ್ಯಾಹ್ನದಿಂದಲೇ ಉಪವಾಸವೆಂಬ ನಂಬಿಕೆ ನಮ್ಮಲ್ಲಿದೆ. ಹಗುರವಾದ ಆಹಾರವನ್ನು ಆರು ಗಂಟೆ ಮೊದಲು ನಿಲ್ಲಿಸಿದರೆ ಸಾಕು, ಬರಿಯ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು ಎಂದು ಅದರಲ್ಲಿತ್ತು. ಮಧುಮೇಹ ಮೊದಲಾದವುಳ್ಳವರ ಲೆಕ್ಕ ಬೇರೆ. ಅರಿವಳಿಕೆಯ ವೈದ್ಯರನ್ನು ಕೇಳಿಯೇ ನಡೆಯತಕ್ಕದ್ದು.

ಎಂಟನೆಯ ವಾರದ ಚೀಟಿಯಲ್ಲಿ 11.6 ಎಂದಿತ್ತು. ಅಂಕಪಟ್ಟಿ ನೋಡುವ ಮಕ್ಕಳಂತೆ ನಾವಿಬ್ಬರೂ ಅದನ್ನು ಎರಡೆರಡು ಬಾರಿ ಓದಿದೆವು. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕೊಡಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ, ಮನೆಯಲ್ಲಿ ಅಭ್ಯಾಸ ಮಾಡಿದ್ದಂತೆ ಪಕ್ಕಕ್ಕೆ ಹೊರಳಿ, ಕೈಯೂರಿ ಎದ್ದು ಕುಳಿತು, ಸಂಜೆಗೆ ಪಡಸಾಲೆಯಲ್ಲಿ ನಡೆದರು. ನಾಲ್ಕನೆಯ ದಿನ ತಲಪಾಡಿ ದಾಟಿ ಮನೆಗೆ ಬಂದೆವು.

ಆರು ವಾರ ಭಾರ ಎತ್ತಕೂಡದೆಂದಿದ್ದರು. ಬಾವಿಯ ಹಗ್ಗವನ್ನು ನಾವು ಅಟ್ಟದಲ್ಲಿ ಅಡಗಿಸಿಟ್ಟಿದ್ದೆವು. ಐದನೆಯ ವಾರ ಅವರು ಅದನ್ನು ಹುಡುಕಿ ತೆಗೆದರು.