ಮೇಲಿನ ದವಡೆ, ಎಡಗಡೆ, ಕೊನೆಯ ಹಲ್ಲು

ಚಪ್ಪಲಿ ಹೊರಗೇ ಬಿಟ್ಟು ಬನ್ನಿ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಅಡ್ಡರಸ್ತೆ, ಮೊದಲ ಮಹಡಿ, ಬೆಳಿಗ್ಗೆ ಹತ್ತೂವರೆ. ಬೆಂಚಿನ ಮೇಲೆ ಆರೇಳು ಜನ ಕೆನ್ನೆಗೆ ಕೈ ಕೊಟ್ಟು ಕೂತಿದ್ದಾರೆ. 1979ರಲ್ಲಿ ಬಾಪೂಜಿ ದಂತ ಕಾಲೇಜು ಶುರುವಾದ ಊರು ಇದು. ಬೆಣ್ಣೆದೋಸೆಗೆ ಹೇಗೋ ಹಾಗೆ ಹಲ್ಲಿನ ಡಾಕ್ಟ್ರಿಗೂ ಇಲ್ಲಿ ಬರವಿಲ್ಲ. ಒಳಗೆ ಬಂದು ಆ ಮೂಲೆಯ ಸ್ಟೂಲಿನ ಮೇಲೆ ಕೂತುಕೊಳ್ಳಿ. ಬಾಲ್ಕನಿಯಲ್ಲಿ ಕಂಪ್ರೆಸರ್ ಗುಡುಗುಡು ಅನ್ನುತ್ತಿದೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಹತ್ತಿತಲ್ಲ? ಸ್ವಲ್ಪ ಹೊತ್ತಿನಲ್ಲಿ ರೂಢಿಯಾಗುತ್ತದೆ.

ಖುರ್ಚಿಯ ಮೇಲೆ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು. ಎಪ್ಪತ್ತರ ಆಸುಪಾಸು, ಬಿಳಿ ಪಂಚೆ, ಎದೆಯ ಮೇಲೆ ಈಗಷ್ಟೇ ಕ್ಲಿಪ್ಪು ಹಾಕಿದ ನೀಲಿ ಕಾಗದದ ಬಿಬ್ಬು. ಮೇಲಿನ ದವಡೆ, ಎಡಗಡೆ, ಕೊನೆಯ ಹಲ್ಲು. ರೂಟ್ ಕೆನಾಲ್ ಆಗಬೇಕು. ಡಾಕ್ಟ್ರು ಮೇಡಂ ಬಟನ್ ಒತ್ತುತ್ತಾರೆ, ಬೆನ್ನಿನ ಭಾಗ ಮೆಲ್ಲಗೆ ಹಿಂದಕ್ಕೆ ಬಾಗುತ್ತದೆ.

"ಮೇಲೆ ಸರೀರಿ ಯಜಮಾನ್ರೇ. ಇನ್ನೂ ಸ್ವಲ್ಪ. ತಲೆ ದಿಂಬಿನ ತುದಿಗೆ ಬರ್ಬೇಕು."

"ಬಂತಲ್ಲವ್ವಾ, ಇಷ್ಟು ಸಾಕು ಬಿಡು."

ಬಂದಿಲ್ಲ. ತಲೆದಿಂಬಿನ ತುದಿಗೂ ಯಜಮಾನರ ನೆತ್ತಿಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗ ಇದೆ. ಮೇಡಂ ಮತ್ತೊಮ್ಮೆ ಹೇಳಲು ಬಾಯಿ ತೆರೆದು, ಬೇಡವೆಂದು ಸುಮ್ಮನಾಗುತ್ತಾರೆ. ಹಿರಿಯರಿಗೆ ಎಷ್ಟು ಸಲ ಹೇಳುವುದು. ಆ ನಾಲ್ಕು ಬೆರಳಿನ ದೂರವನ್ನು ಇನ್ನು ಮುಕ್ಕಾಲು ಗಂಟೆ ಮೇಡಂ ಸೊಂಟ ತುಂಬಿಕೊಡಬೇಕು.

ಇಂಜೆಕ್ಷನ್ ಆಯಿತು. ಜೋಮು ಹಿಡಿಯುವ ತನಕ ನಮಗೂ ಬಿಡುವು. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಬೆನ್ನು ನೆಟ್ಟಗಿಟ್ಟು, ಹೆಗಲು ಸಡಿಲ ಬಿಟ್ಟು, ಕಣ್ಣು ಮುಚ್ಚಿ. ಸೂಜಿಗೆ ದಾರ ಪೋಣಿಸುವ ಹಾಗೆ ಎರಡೂ ಕೈಬೆರಳು ಎದುರಿಗೆ ತನ್ನಿ. ಕಣ್ಣು ಬಿಟ್ಟು ನೋಡಿ: ಬೆರಳುಗಳು ಎಲ್ಲಿ ಬಂದು ನಿಂತಿವೆ? ಎದೆಯ ನಟ್ಟನಡುವೆ, ಮೊಣಕೈಗಿಂತ ತುಸು ಮೇಲೆ, ಕಣ್ಣಿನಿಂದ ಸುಮಾರು 35-40 ಸೆಂ.ಮೀ. ದೂರದಲ್ಲಿ. ಮೊಣಕೈ ಎರಡೂ ಪಕ್ಕೆಗೆ ಅಂಟಿಕೊಂಡಿವೆ. ಮೈ ತಾನಾಗಿಯೇ ಹುಡುಕಿಕೊಂಡ ಜಾಗ ಅದು.

ಜಪಾನಿನಲ್ಲಿ ನೆಲೆಸಿದ್ದ ಅಮೆರಿಕದ ದಂತವೈದ್ಯ ಡ್ಯಾರಿಲ್ ಬೀಚ್ ಹಿಡಿದ ದಾರಿ ಇದೇ. ಅವರು ಯಂತ್ರದಿಂದ ಶುರು ಮಾಡಲಿಲ್ಲ. ಕೋಣೆಯಲ್ಲಿ ಖುರ್ಚಿಯೂ ಇಲ್ಲ, ದೀಪವೂ ಇಲ್ಲ ಎಂದುಕೊಂಡು ವೈದ್ಯ ಆರಾಮಾಗಿ ಕೂತರೆ ಬೆರಳು ಎಲ್ಲಿಗೆ ಬರುತ್ತದೋ ಅಲ್ಲಿಗೆ ರೋಗಿಯ ಹಲ್ಲು ಬರಬೇಕು. ಉಳಿದ ಸಾಮಾನೆಲ್ಲ ಅದರ ಸುತ್ತ ಜೋಡಣೆಯಾಗಬೇಕು ಎಂದರು. 1964ರಲ್ಲಿ ಮೊರಿಟಾ ಕಂಪನಿ ಈ ವಿಚಾರವನ್ನೇ ಹಿಡಿದು ಸ್ಪೇಸ್‌ಲೈನ್ ಎಂಬ ಘಟಕ ತಂದಿತು. ರೋಗಿ ಪೂರ್ತಿ ಮಲಗುತ್ತಾನೆ, ಡಾಕ್ಟ್ರು ತಲೆಯ ಹಿಂದೆ ಕೂರುತ್ತಾರೆ, ಡ್ರಿಲ್ಲುಗಳು ಖುರ್ಚಿಯ ಬೆನ್ನಿನೊಳಗಿನಿಂದಲೇ ಕೈಗೆ ಸಿಗುತ್ತವೆ. ದಂತಚಿಕಿತ್ಸೆಯ ಕೋಣೆಯ ಬಗ್ಗೆ ಇದಕ್ಕಿಂತ ಬುದ್ಧಿವಂತ ಮಾತನ್ನು ಆಮೇಲೆ ಯಾರಾದರೂ ಆಡಿದ್ದಾರೆಂದು ನನಗನಿಸುವುದಿಲ್ಲ.

ಈಗ ಮೇಡಂ ಕಡೆ ನೋಡಿ. ಕೆಲಸ ಶುರುವಾಗಿದೆ. ಯಜಮಾನರ ಮುಖವನ್ನೇ ಗಡಿಯಾರ ಅಂದುಕೊಳ್ಳಿ: ನೆತ್ತಿ 12, ಗಲ್ಲ 6, ಬಲಗಿವಿ 9. ಬಲಗೈಯವರು ಮೇಲಿನ ಎಡ ದವಡೆಗೆ 11 ಅಥವಾ 12ರ ಜಾಗದಲ್ಲಿ ಕೂತು, ಹಲ್ಲನ್ನು ಮೌತ್ ಮಿರರಿನಲ್ಲಿ ನೋಡುತ್ತ ಕೆಲಸ ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಮೇಡಂ ಕೂತಿರುವುದು 9ರಲ್ಲಿ. ಅಲ್ಲಿಂದ ಸೊಂಟ ತಿರುಚಿ, ಕುತ್ತಿಗೆ ಎಡಕ್ಕೆ ವಾಲಿಸಿ, ನೇರವಾಗಿ ಬಾಯೊಳಗೆ ಇಣುಕುತ್ತಿದ್ದಾರೆ. ಬಲ ಮೊಣಕೈ ಹೆಗಲಿನ ಮಟ್ಟಕ್ಕೆ ಎದ್ದಿದೆ. ಕಲಿತದ್ದು ಮರೆತು ಹೋಯಿತೇ? ಇಲ್ಲ. 12ರ ಜಾಗದಲ್ಲಿ ಗೋದ್ರೇಜ್ ಬೀರು ಇದೆ. ತಲೆದಿಂಬಿಗೂ ಬೀರುವಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳಬಹುದು ಅಷ್ಟೆ, ಸ್ಟೂಲು ಹಾಕಿ ಕೂರಲಾಗದು. ಮೇಲಾಗಿ ಹಲ್ಲು ಕೊರೆಯುವ ಏರೋಟರ್ ತೂಗುಬಿಟ್ಟಿರುವ ಕೈ ಖುರ್ಚಿಯ ಬಲಪಕ್ಕಕ್ಕೇ ಜೋಡಣೆಯಾಗಿದೆ. 11ಕ್ಕೆ ಹೋದರೆ ಪ್ರತಿ ಸಲವೂ ಹೆಗಲು ಚಾಚಿ ಅದನ್ನು ಎಳೆದುಕೊಳ್ಳಬೇಕು. ಉಪಕರಣ ಎಲ್ಲಿದೆಯೋ ಡಾಕ್ಟ್ರು ಅಲ್ಲಿ.

ತಲೆ ಬಾಗಿರುವುದನ್ನು ಗಮನಿಸಿ. ಮನುಷ್ಯನ ತಲೆ ನಾಲ್ಕೂವರೆ ಐದು ಕಿಲೋ ತೂಗುತ್ತದೆ, ಅದೂ ನೆಟ್ಟಗಿದ್ದಾಗ. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ, ಮೊಬೈಲಿಗೆ ತಲೆಬಾಗಿಸುವವರನ್ನು ಮನಸ್ಸಿನಲ್ಲಿಟ್ಟು ಒಂದು ಲೆಕ್ಕ ಹಾಕಿದರು: 30 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲಿನ ಭಾರ ಸುಮಾರು 18 ಕಿಲೋ, 60 ಡಿಗ್ರಿಗೆ ಸುಮಾರು 27 ಕಿಲೋ. ಮೇಡಂ ಈಗ ಆ ಎರಡರ ನಡುವೆ ಎಲ್ಲೋ ಇದ್ದಾರೆ. ಮೊಬೈಲಾದರೆ ಕೆಳಗಿಟ್ಟು ಏಳಬಹುದಿತ್ತು.

ಏರೋಟರ್ ಕೂಗಿತು. ಕಿವಿ ಮುಚ್ಚಿಕೊಳ್ಳಬೇಡಿ, ಕಥೆ ಇರುವುದು ಇಲ್ಲೇ. 1957ರಲ್ಲಿ ಅಮೆರಿಕದ ಜಾನ್ ಬಾರ್ಡನ್ ಗಾಳಿಯಿಂದ ತಿರುಗುವ ಈ ಟರ್ಬೈನ್ ಡ್ರಿಲ್ಲು ತಂದಾಗ ನಿಮಿಷಕ್ಕೆ ಮೂರು ಲಕ್ಷದಷ್ಟು ಸುತ್ತು ಸಾಧ್ಯವಾಯಿತು. ಅದಕ್ಕೆ ಮೊದಲು, 1871ರಲ್ಲಿ ಜೇಮ್ಸ್ ಮಾರಿಸನ್ ಪೇಟೆಂಟ್ ಪಡೆದ ಕಾಲಿನಲ್ಲಿ ತುಳಿಯುವ ಡ್ರಿಲ್ಲಿನಿಂದ ಹಿಡಿದು ಬೆಲ್ಟಿನ ಯಂತ್ರಗಳ ತನಕ, ಡಾಕ್ಟ್ರು ನಿಂತೇ ಕೆಲಸ ಮಾಡುತ್ತಿದ್ದರು, ರೋಗಿ ಕೂತಿರುತ್ತಿದ್ದ. ಇಷ್ಟು ವೇಗ ಬಂದ ಮೇಲೆ ಹಲ್ಲು ಕಾಯತೊಡಗಿತು, ತಣಿಸಲು ನೀರಿನ ತುಂತುರು ಬೇಕಾಯಿತು. 1958ರಲ್ಲಿ ಜಾನ್ ನಾಟನ್ ಒರಗುವ ಖುರ್ಚಿ ತಂದರು, ರೋಗಿ ಮಲಗಿದ. ಮಲಗಿದವನ ಬಾಯಲ್ಲಿ ನೀರು ತುಂಬಿದರೆ ಗಂಟಲಿಗೆ ಇಳಿಯುತ್ತದೆ. ಹಾಗಾಗಿ ಜೋರು ಸಕ್ಷನ್ ಬೇಕು. ಸಕ್ಷನ್ ಹಿಡಿಯಲು ಇನ್ನೊಬ್ಬರು ಬೇಕು. ಅಲ್ಲಿಂದ ಮುಂದೆ ಬಂದ ಎಲ್ಲ ಒಳ್ಳೆಯ ಘಟಕಗಳೂ ನಾಲ್ಕು ಕೈಗಳಿಗಾಗಿ ಗೀಚಿದ ನಕ್ಷೆಗಳು. ಡಾಕ್ಟ್ರು 8ರಿಂದ 12ರೊಳಗೆ, ಸಹಾಯಕಿ 2ರಿಂದ 4ರೊಳಗೆ, ಕೊಡು-ತೆಗೆದುಕೊಳ್ಳುವುದೆಲ್ಲ ರೋಗಿಯ ಗಲ್ಲದ ಕೆಳಗೆ, ಎದೆಯ ಮೇಲೆ.

ಸಹಾಯಕಿ ಎಲ್ಲಿ?

ಹೊರಗೆ ಫೋನು ಎತ್ತಲು ಹೋಗಿದ್ದಾಳೆ. ಅಪಾಯಿಂಟ್‌ಮೆಂಟ್ ಬರೆಯುವವಳು, ಬಿಲ್ಲು ಹರಿಯುವವಳು, ಉಪಕರಣ ತೊಳೆದು ಆಟೋಕ್ಲೇವ್‌ಗೆ ಹಾಕುವವಳು ಎಲ್ಲ ಅವಳೇ. ಹೀಗಾಗಿ ಮೇಡಂ ಎಡಗೈಯಲ್ಲಿ ಮೌತ್ ಮಿರರ್ ಹಿಡಿದು, ಸಣ್ಣ ಸಕ್ಷನ್ ಕೊಳವೆಯನ್ನು ಯಜಮಾನರ ತುಟಿಯ ಅಂಚಿಗೆ ಸಿಕ್ಕಿಸಿದ್ದಾರೆ. ಕನ್ನಡಿಯ ಮೇಲೆ ತುಂತುರು ಬಿದ್ದು ಮಸುಕಾಗುತ್ತದೆ. ಒರೆಸಲು ಕೈ ಖಾಲಿ ಇಲ್ಲ. ಕನ್ನಡಿ ಬಿಟ್ಟು ನೇರ ನೋಡುವುದೇ ಮೇಲು, ಅದಕ್ಕಾಗಿ ಇನ್ನೂ ಬಾಗುತ್ತಾರೆ. ನಾಲ್ಕು ಕೈಯ ಕೋಣೆಯನ್ನು ಎರಡೇ ಕೈ ದುಡಿಸಿದರೆ ಉಳಿದೆರಡು ಕೈಗಳ ಕೂಲಿಯನ್ನು ಬೆನ್ನು ತೆರುತ್ತದೆ.

"ಉಗುಳ್ಬೇಕು" ಎಂದು ಯಜಮಾನರು ಕೈಸನ್ನೆ ಮಾಡುತ್ತಾರೆ.

ಡ್ರಿಲ್ಲು ನಿಂತಿತು, ದೀಪ ಪಕ್ಕಕ್ಕೆ ಸರಿಯಿತು, ಖುರ್ಚಿ ಎದ್ದಿತು. ಅವರು ಎಡಕ್ಕೆ ಹೊರಳಿ ಸ್ಪಿಟೂನಿಗೆ ಉಗುಳಿ, ಲೋಟದ ನೀರಲ್ಲಿ ಮುಕ್ಕಳಿಸಿ, ಮತ್ತೆ ಒರಗಿದರು. ಈ ಸಲ ಮೊದಲಿಗಿಂತ ಎರಡು ಬೆರಳು ಕೆಳಗೆ. ಆ ಸ್ಪಿಟೂನ್ ಇರುವ ಜಾಗ ನೋಡಿದಿರಾ? ರೋಗಿಯ ಎಡಕ್ಕೆ, ಸರಿಯಾಗಿ 3 ಗಂಟೆಯಲ್ಲಿ. ಸಹಾಯಕಿ ಫೋನು ಇಟ್ಟು ಓಡಿ ಬಂದರೂ ಅವಳು ಕೂರಬೇಕಾದ ಜಾಗದಲ್ಲಿ ಪಿಂಗಾಣಿ ಬಟ್ಟಲು ಕೂತಿದೆ. ಬಂದೇ ಬಂದಳು, ಸ್ಪಿಟೂನಿನ ಆಚೆ ನಿಂತು, ಬಟ್ಟಲಿನ ಮೇಲಿಂದ ಕೈ ಚಾಚಿ ದೊಡ್ಡ ಸಕ್ಷನ್ ಹಿಡಿದಳು. ಪಠ್ಯಪುಸ್ತಕದಲ್ಲಿ ಅವಳಿಗೂ ಒಂದು ಸ್ಟೂಲಿದೆ: ಬಾಯೊಳಗೆ ಕಾಣಬೇಕೆಂದು ಡಾಕ್ಟ್ರ ಸ್ಟೂಲಿಗಿಂತ 10-15 ಸೆಂ.ಮೀ. ಎತ್ತರ, ಕಾಲಿಡಲು ಕೆಳಗೊಂದು ಬಳೆ. ಈ ಕೋಣೆಯಲ್ಲಿ ಅಂಥ ಸ್ಟೂಲಿಲ್ಲ. ಹಲ್ಲಿನ ಡಾಕ್ಟ್ರ ಬೆನ್ನುನೋವಿನ ಬಗ್ಗೆಯಾದರೂ ಸಮ್ಮೇಳನಗಳಲ್ಲಿ ಭಾಷಣ ನಡೆಯುತ್ತದೆ, ದಿನವಿಡೀ ನಿಲ್ಲುವ ಈ ಹುಡುಗಿಯ ಮಾತು ಬರುವುದೇ ಅಪರೂಪ.

ಉಗುಳದೆ ಬಾಯಿ ಶುದ್ಧವಾಯಿತೆಂದು ನಮ್ಮ ಜನ ಒಪ್ಪುವುದಿಲ್ಲ, ಅದು ನಿಜ. ಆದರೆ ಬಟ್ಟಲು ಖುರ್ಚಿಗೇ ಬೆಸೆದಿರಬೇಕಾಗಿಲ್ಲ. ಪಕ್ಕಕ್ಕೆ ಸರಿಯುವ ಸ್ಪಿಟೂನ್‌ಗಳಿವೆ, ಮೂಲೆಯಲ್ಲೊಂದು ಸಿಂಕು ಇದ್ದರೂ ನಡೆಯುತ್ತದೆ.

ಎಕ್ಸ್‌ರೇ ತೆಗೆಯುವ ಹೊತ್ತು. ಮೇಡಂ ಎದ್ದು ಸೊಂಟಕ್ಕೆ ಎರಡೂ ಕೈ ಕೊಟ್ಟು ಹಿಂದಕ್ಕೆ ಬಾಗುತ್ತಾರೆ. ಅವರು ಕೂತಿದ್ದದ್ದು ಚಪ್ಪಟೆ ಸ್ಟೂಲು, ಬಾಗಿಲ ಸಂದಿಯಲ್ಲಿರುವ ಇನ್ನೊಂದು ಹಾಗಲ್ಲ. ಅಲ್ಲಿ ಕುದುರೆ ಜೀನಿನ ಆಕಾರದ್ದೊಂದು ಬಟ್ಟೆ ಹೊದ್ದು ನಿಂತಿದೆ. ಚಪ್ಪಟೆ ಸ್ಟೂಲಿನಲ್ಲಿ ತೊಡೆ ಮತ್ತು ಬೆನ್ನು 90 ಡಿಗ್ರಿಗೆ ಮಡಿಸಿದಾಗ ಸೊಂಟದ ಸಹಜ ಬಾಗು ನೇರವಾಗಿಬಿಡುತ್ತದೆ. ಜೆ.ಜೆ. ಕೀಗನ್ 1953ರಲ್ಲಿ ಎಕ್ಸ್‌ರೇ ತೆಗೆದು ತೋರಿಸಿದ್ದು, ಆ ಕೋನ 135 ಡಿಗ್ರಿಯ ಹತ್ತಿರ ತೆರೆದಾಗ ಬೆನ್ನುಮೂಳೆ ತನ್ನ ಸಹಜ ಬಾಗಿನಲ್ಲಿರುತ್ತದೆ ಎಂದು. ಜೀನಿನ ಸ್ಟೂಲು ಹುಟ್ಟಿದ್ದು ಈ ತಿಳಿವಳಿಕೆಯ ಮೇಲೆ. ಮತ್ತೇಕೆ ಮೂಲೆ ಸೇರಿತು?

"ಎತ್ತರ ಕೂರ್ಬೇಕು ಸಾರ್ ಅದ್ರಲ್ಲಿ. ನಾನು ಎತ್ತರ ಆದ್ರೆ ಪೇಷೆಂಟೂ ಎತ್ತರ ಬರ್ಬೇಕು. ಈ ಖುರ್ಚಿ ಅಷ್ಟು ಮೇಲೇಳಲ್ಲ. ಆಮೇಲೆ ಸೀರೆ ಉಟ್ಟ ದಿನ ಅದ್ರ ಮೇಲೆ ಕಾಲು ಅಗಲಿಸಿ ಕೂತು ನೋಡಿ, ಗೊತ್ತಾಗುತ್ತೆ" ಎಂದು ನಗುತ್ತಾರೆ.

ಒಂದು ಸಾಮಾನು ಮಾತ್ರ ಬದಲಿಸಿದರೆ ಹೀಗೆಯೇ. ಸ್ಟೂಲು ಖುರ್ಚಿಯನ್ನು ಕೇಳುತ್ತದೆ, ಖುರ್ಚಿ ಕೋಣೆಯನ್ನು ಕೇಳುತ್ತದೆ. ಕನ್ನಡಕಕ್ಕೆ ಕೂರಿಸುವ ಲೂಪ್ಸ್ ಕೂಡ ಅಷ್ಟೇ: ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ ಸರಿ, ಆದರೆ ಮಸೂರ ಕೆಳಮುಖವಾಗಿ ಸಾಕಷ್ಟು ವಾಲಿರದಿದ್ದರೆ ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸುತ್ತದೆ. ಪ್ರಿಸಂ ಅಳವಡಿಸಿ, ತಲೆ ನೆಟ್ಟಗಿಟ್ಟೇ ಕೆಳಗೆ ನೋಡಿಸುವ ಲೂಪ್ಸ್ ಈಗ ಬಂದಿವೆ. ಬೆಲೆ ಕೇಳಿ ಮೇಡಂ ಸದ್ಯಕ್ಕೆ ಬೇಡವೆಂದರಂತೆ. ಅಗ್ಗದಲ್ಲಿ ಆಗುವ ಸುಧಾರಣೆಗಳೂ ಇವೆ. ಟ್ರೇಯಲ್ಲಿರುವ, ಹಲ್ಲಿನ ಕಿಟ್ಟ ಕೆರೆಯುವ ಆ ಸ್ಕೇಲರ್ ಹಿಡಿದು ನೋಡಿ, ಪೆನ್ಸಿಲಿಗಿಂತ ತೆಳ್ಳಗೆ, ಗಟ್ಟಿ ಉಕ್ಕು. ಹಿಡಿ 10 ಮಿ.ಮೀ. ದಪ್ಪವಿದ್ದು ತೂಕ 15 ಗ್ರಾಂ ಸುತ್ತಮುತ್ತ ಇದ್ದರೆ ಬೆರಳು ಅಷ್ಟು ಅದುಮಬೇಕಾಗಿಲ್ಲವೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು ಅಳೆದು ಹೇಳಿದ್ದಾರೆ. ಏರೋಟರಿನ ಸುರುಳಿ ಪೈಪು ಮಣಿಕಟ್ಟನ್ನು ಸದಾ ಹಿಂದಕ್ಕೆ ಎಳೆಯುತ್ತದೆ. ನೇರ ಪೈಪು ಎಳೆಯುವುದಿಲ್ಲ. ಎಡಗೈಯವರ ಪಾಡಂತೂ ಕೇಳಲೇಬೇಡಿ, ಕಾಲೇಜಿನ ಸಾಲು ಖುರ್ಚಿಗಳೆಲ್ಲ ಬಲಗೈಯವು.

ಹಲ್ಲಿನ ಬೇರಿನೊಳಗೆ ಫೈಲು ಹಾಕಿ, ಔಷಧಿ ಇಟ್ಟು, ತಾತ್ಕಾಲಿಕ ಸಿಮೆಂಟು ಮುಚ್ಚಿ ಆಯಿತು. ಯಜಮಾನರು ಪಂಚೆ ಸರಿಮಾಡಿಕೊಂಡು ಇಳಿಯುತ್ತಾ, "ನೋವೇ ಗೊತ್ತಾಗ್ಲಿಲ್ಲವ್ವಾ, ಖುರ್ಚಿ ಭಾಳ ಮೆತ್ತಗೈತಿ" ಎಂದರು. ಮೆತ್ತಗಿದೆ, ನಿಜ. ಆ ಮೆತ್ತೆ ಎಷ್ಟು ದಪ್ಪವಿದೆಯೆಂದರೆ, ಕೆಳಗೆ ಮೇಡಂ ಮೊಣಕಾಲು ತೂರುವುದಿಲ್ಲ. ತೂರದ್ದರಿಂದ ಸ್ಟೂಲು ಹತ್ತಿರ ಬರುವುದಿಲ್ಲ, ಬಾರದ್ದರಿಂದ ಬೆನ್ನು ಬಾಗುತ್ತದೆ. ಬಾಯಿ ಎದೆಯ ನಡುವಿಗೆ ಬರಬೇಕಿದ್ದದ್ದು ಒಂದು ಗೇಣು ಆಚೆ ಉಳಿಯುತ್ತದೆ.

ಹೊಸ ಕ್ಲಿನಿಕ್ಕಿಗೆ ಸಾಲ ಮಾಡಿ ಖುರ್ಚಿ ಕೊಳ್ಳಲು ಹೊರಟಿರುವ ಡಾಕ್ಟ್ರುಗಳೇ, ಶೋರೂಮಿನವರು ಮಲಗಿ ನೋಡಿ ಎನ್ನುತ್ತಾರೆ. ಮಲಗಬೇಡಿ. ಜೊತೆಗೆ ಬಂದವರನ್ನು ಮಲಗಿಸಿ, ನೀವು 12ರ ಜಾಗದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮೊಣಕಾಲು ತಲೆದಿಂಬಿನ ಕೆಳಗೆ ಹೋಗುತ್ತದೋ ಇಲ್ಲವೋ ನೋಡಿ. 3ರ ಜಾಗದಲ್ಲಿ ಇನ್ನೊಂದು ಸ್ಟೂಲು ಹಿಡಿಸುತ್ತದೆಯೇ ಎಂದೂ ನೋಡಿ. ಇವೆರಡೂ ಆಗದಿದ್ದರೆ ರೆಕ್ಸಿನ್ನಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬೇರೆ ಅಂಗಡಿಗೆ ಹೋಗಿ.