ಮೂರು ಗಂಟೆಯಿಂದ ಹತ್ತು ಗಂಟೆಗೆ

ಬನ್ನಿ, ನನ್ನ ಹೆಗಲ ಹಿಂದೆ ನಿಂತುಕೊಳ್ಳಿ. ದೀಪಕ್ಕೆ ಮಾತ್ರ ಅಡ್ಡ ಬರಬೇಡಿ.

ಬೆಳಿಗ್ಗೆ ಒಂಬತ್ತೂಕಾಲು. ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ದಂತ ಚಿಕಿತ್ಸಾಲಯ. ಸಾಲಾಗಿ ಹನ್ನೆರಡು ಕುರ್ಚಿ, ನಡುನಡುವೆ ಎದೆಮಟ್ಟದ ಅಡ್ಡಗೋಡೆ. ಹೊರಗೆ ಜಿಟಿಜಿಟಿ ಹಿಡಿದು ಮೂರು ದಿನವಾಯಿತು. ಏಳನೇ ಕುರ್ಚಿ ನನ್ನದು. ಅದರಲ್ಲಿ ಮಲಗಿರುವವರು ಬಸ್ ಓಡಿಸಿ ನಿವೃತ್ತರಾದ ಹಿರಿಯರು. “ನಾನೇನೂ ಹೆದರೋನಲ್ಲ, ಲವ್” ಅಂದರು, ಇಲ್ಲಿನ ಮುದುಕರು ಎಲ್ಲರಿಗೂ ಅನ್ನುವ ಹಾಗೆ. ಬೆರಳುಗಳು ಮಾತ್ರ ಕುರ್ಚಿಯ ಕೈ ಬಿಡುತ್ತಿಲ್ಲ.

ಮಲಗಿದವರ ತಲೆಯನ್ನು ಗಡಿಯಾರ ಎಂದುಕೊಳ್ಳಿ. ನೆತ್ತಿ ಹನ್ನೆರಡು, ಗದ್ದ ಆರು. ಬಲಗೈಯಲ್ಲಿ ಕೆಲಸ ಮಾಡುವವರು ಒಂಬತ್ತರಿಂದ ಹನ್ನೆರಡರ ನಡುವೆ ಎಲ್ಲಾದರೂ ಕೂರುತ್ತಾರೆ. ನರ್ಸ್ ಎದುರುಬದಿಯಲ್ಲಿ, ಮೂರರ ಹತ್ತಿರ. ನಾಲ್ಕು ವರ್ಷ ನಾನು ಕೂತದ್ದು ಆ ಮೂರು ಗಂಟೆಯಲ್ಲಿ: ಡೆಂಟಲ್ ನರ್ಸ್ ಆಗಿ, ಬಾಯೊಳಗಿನ ನೀರು ಹೀರುವ ಸಕ್ಷನ್ ಹಿಡಿದು, ಡಾಕ್ಟರು ಕೇಳುವ ಮೊದಲೇ ಬೇಕಾದದ್ದನ್ನು ಅವರ ಕೈಗಿಟ್ಟು. ನೋಡಿ ನೋಡಿಯೇ ಅರ್ಧ ಕಲಿತಿದ್ದೇನೆ ಎಂಬ ಜಂಬದಲ್ಲಿ ಡೆಂಟಲ್ ಥೆರಪಿ ಮತ್ತು ಹೈಜೀನ್ ಪದವಿಗೆ ಸೇರಿದೆ. ಮೂರು ವರ್ಷದ ಓದು, ಇದು ಎರಡನೆಯದು. ಜಂಬ ಇಳಿಯಲು ಒಂದು ವಾರ ಸಾಕಾಯಿತು.

ಇಳಿಸಿದ್ದು ಒಂದು ರಬ್ಬರ್ ಮುಖ. ಫ್ಯಾಂಟಮ್ ಹೆಡ್ ಎನ್ನುತ್ತಾರೆ. ಕಬ್ಬಿಣದ ಸರಳಿಗೆ ಸಿಕ್ಕಿಸಿದ ತಲೆ, ಎಳೆದರೆ ಹಿಗ್ಗುವ ಕೆನ್ನೆ, ಸ್ಕ್ರೂ ಹಾಕಿ ಕೂರಿಸಿದ ಪ್ಲಾಸ್ಟಿಕ್ ಹಲ್ಲು. ಮೇಲಿನ ದವಡೆ ಹಲ್ಲಿನ ಹುಳುಕನ್ನು ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ಕೊರೆಯಬೇಕು. ದಿನಾ ಕನ್ನಡಿ ನೋಡಿ ಕುಂಕುಮ ಇಟ್ಟುಕೊಂಡವಳಿಗೆ ಇದೇನು ಮಹಾ ಎಂದುಕೊಂಡೆ. ಹಿಂದಕ್ಕೆ ಎಂದು ಸರಿಸಿದರೆ ಡ್ರಿಲ್ಲು ಮುಂದಕ್ಕೆ ಬರುತ್ತದೆ. ಅದು ತಿರುಗುವುದು ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು; ತಪ್ಪಾಯಿತು ಎಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಪಕ್ಕದ ಒಳ್ಳೆಯ ಹಲ್ಲಿಗೂ ಗೀರು ಬಿದ್ದಿತ್ತು. ರಬ್ಬರ್ ಮುಖ ಏನೂ ಅನ್ನಲಿಲ್ಲ. ಪಾಠ ಹೇಳುವ ಮೇಡಂ ಅಂದರು: “ಈ ಪಕ್ಕದ ಹಲ್ಲು ನಿನಗೇನು ಮಾಡಿತ್ತು?”

ಈಗ ಇಲ್ಲಿ ನೋಡಿ. ಈ ಸಣ್ಣ ಕಡ್ಡಿ ವಸಡಿನ ಆಳ ಅಳೆಯುವ ಪ್ರೋಬ್. ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು, ಮೇಲೆ 3.5ರಿಂದ 5.5 ಮಿಲಿಮೀಟರ್‌ವರೆಗೆ ಕಪ್ಪು ಪಟ್ಟಿ. ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಇಳಿಸಿದಾಗ ಪಟ್ಟಿ ಪೂರ್ತಿ ಕಂಡರೆ ನೆಮ್ಮದಿ. ಅರ್ಧ ಮುಳುಗಿದರೆ ಮೂರನೇ ಅಂಕ, ಪೂರ್ತಿ ಮುಳುಗಿದರೆ ನಾಲ್ಕು. ಒತ್ತಡ 20ರಿಂದ 25 ಗ್ರಾಂ ಮೀರಬಾರದು. ಅಷ್ಟೆಂದರೆ ಎಷ್ಟು ಎಂದು ತಿಳಿಯಲು ಅಡುಗೆಮನೆಯ ತಕ್ಕಡಿಯ ಮೇಲೆ ಕಡ್ಡಿಯೊತ್ತಿ ಸಂಜೆಗಟ್ಟಲೆ ಕೂತಿದ್ದೇನೆ.

ಇವರ ಹಿಂದಿನ ಹಲ್ಲುಗಳಲ್ಲಿ ಪಟ್ಟಿ ಮುಳುಗುತ್ತಿದೆ. ಹಾಗಾಗಿ ಒಂದೊಂದು ಹಲ್ಲಿಗೂ ಆರು ಕಡೆ ಅಳತೆ. ಇವರಿಗಿರುವುದು 24 ಹಲ್ಲು, 144 ಅಳತೆ. “ಮೂರು, ಎರಡು, ಮೂರು. ಐದು, ಆರು, ಐದು, ರಕ್ತ.” ನಾನು ಹೇಳುತ್ತೇನೆ, ಮೂರು ಗಂಟೆಯಲ್ಲಿ ಕೂತ ಸಹಪಾಠಿ ಬರೆದುಕೊಳ್ಳುತ್ತಾಳೆ. ಹತ್ತೊಂಬತ್ತರ ಹುಡುಗಿ, ನನಗಿಂತ ಚುರುಕು. ನಾಳೆ ಅವಳು ಹತ್ತಕ್ಕೆ, ನಾನು ಮೂರಕ್ಕೆ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಯಿತು. ಈಗ ಗ್ರೇಸಿ ಕ್ಯುರೆಟ್. ಬಾಯಿಯ ಒಂದೊಂದು ಮೂಲೆಗೆ ಒಂದೊಂದು ಬಾಗು: ಮುಂದಿನ ಹಲ್ಲಿಗೆ 5/6, ಹಿಂದಿನ ಹಲ್ಲಿನ ಮುಂಬದಿಗೆ 11/12, ಅದರ ಹಿಂಬದಿಗೆ 13/14. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ ಬಿಳಿ ಕಿಟ್ಟ, ವಸಡಿನೊಳಗೂ ಹಾಗೆಯೇ ಕಟ್ಟುತ್ತದೆ, ಬಣ್ಣ ಮಾತ್ರ ಕಪ್ಪು. ಅದನ್ನು ಕೆರೆದು ತೆಗೆಯಬೇಕು, ಆದರೆ ಕಾಣುವುದಿಲ್ಲ. ನಮ್ಮಜ್ಜಿ ಮೊರದಲ್ಲಿ ಅಕ್ಕಿ ಆರಿಸುವಾಗ ಕಣ್ಣು ಬೀದಿಯ ಮೇಲಿರುತ್ತಿತ್ತು, ಬೆರಳು ಕಲ್ಲಿನ ಮೇಲೆ. ಈ ಪದವಿಯಲ್ಲಿ ಕಲಿಯುವುದು ಬಹುಪಾಲು ಅದೇ. ಮೂರು ಗಂಟೆಯ ಜಾಗದಿಂದ ನನಗೆ ಕೈ ಕಾಣುತ್ತಿತ್ತು, ಬೆರಳಿಗೆ ಏನು ಗೊತ್ತಾಗುತ್ತಿದೆ ಎಂಬುದು ಕಾಣುತ್ತಿರಲಿಲ್ಲ.

ಕರ್, ಕರ್. ಕೇಳಿಸಿತೇ? ಅದು ಕಿಟ್ಟ. ಈಗ ನುಣ್ಣಗಾಯಿತು. ಮೇಡಂ ಬಂದು ತಾವೇ ಪ್ರೋಬ್ ಆಡಿಸುತ್ತಾರೆ, ಕಣ್ಣು ಮುಚ್ಚಿಕೊಂಡು. “ಕೆಳಗಿನ ಎಡ ಆರು, ಹಿಂಬದಿ. ಇನ್ನೂ ಇದೆ.” ಮತ್ತೆ ಕೂರುತ್ತೇನೆ.

ಬಾಯಿ ಬಿಡುವಾದ ತಕ್ಷಣ ಬಸ್ಸಿನವರು ಕೇಳುವುದು ಅಮ್ಮ ಫೋನಿನಲ್ಲಿ ಕೇಳುವುದನ್ನೇ. ಅಮ್ಮನದು ಸ್ವಲ್ಪ ಖಾರ: “ಮೂರು ವರ್ಷ ಓದಿದ್ರೂ ಡಾಕ್ಟರ್ ಅಲ್ವೇನೇ?” ಅಲ್ಲಮ್ಮ. ಹುಳುಕು ತುಂಬಬಹುದು, ಹಾಲುಹಲ್ಲು ಕೀಳಬಹುದು; ದೊಡ್ಡವರ ಹಲ್ಲು ಕೀಳುವ ಹಾಗಿಲ್ಲ, ಅದರ ಬೇರಿನ ಚಿಕಿತ್ಸೆಯೂ ಇಲ್ಲ. ಈ ಕಸುಬು ಶುರುವಾದದ್ದು ನ್ಯೂಜಿಲೆಂಡಿನಲ್ಲಿ, 1921ರಲ್ಲಿ, ಶಾಲಾ ಮಕ್ಕಳ ಹಲ್ಲು ನೋಡಲು ಯುವತಿಯರಿಗೆ ತರಬೇತಿ ಕೊಟ್ಟು. ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಅಂಥ ಶಾಲೆ ತೆರೆದದ್ದು 1960ರಲ್ಲಿ. ಬಹಳ ಕಾಲ ದಂತವೈದ್ಯರು ಬರೆದುಕೊಟ್ಟರಷ್ಟೇ ಕೆಲಸ. 2013ರಿಂದ ರೋಗಿಗಳು ನೇರವಾಗಿ ನಮ್ಮಂಥವರ ಬಳಿ ಬರಬಹುದು. ಭಾರತದಲ್ಲಿ 1948ರ ದಂತವೈದ್ಯರ ಕಾಯಿದೆಯಲ್ಲೇ ಹೈಜೀನಿಸ್ಟ್ ಎಂಬ ಹೆಸರಿದೆ. ಆದರೂ ನಮ್ಮೂರಿನ ಕ್ಲಿನಿಕ್ಕಿನಲ್ಲಿ ನಾನು ಒಬ್ಬರನ್ನೂ ಕಂಡಿಲ್ಲ. ಪಾಚಿ ತೆಗೆಯುವುದೂ ಡಾಕ್ಟರೇ.

ಎದ್ದು ಹೋಗುವ ಮುನ್ನ ಅವರಿಗೊಂದು ಮಾತು: ಹಲ್ಲುಜ್ಜಿದ ಮೇಲೆ ಉಗುಳಿ, ಮುಕ್ಕಳಿಸಬೇಡಿ. ಮುಕ್ಕಳಿಸಿದರೆ ಪೇಸ್ಟಿನ ಫ್ಲೋರೈಡ್ ನೀರಿನ ಜೊತೆ ಹೋಗುತ್ತದೆ. ಇಂಗ್ಲಿಷರಿಗೆ ಇದು ಹೇಳಿದಷ್ಟೇ ಸುಲಭ. ಮೂರು ಚೊಂಬು ನೀರಲ್ಲಿ ಬಾಯಿ ತೊಳೆದು ಬೆಳೆದ ನನಗೆ ರೂಢಿಯಾಗಲು ಒಂದು ಸೆಮಿಸ್ಟರ್ ಹಿಡಿಯಿತು.

ಮಧ್ಯಾಹ್ನ ನನಗೆ ಇನ್ನೊಂದೇ ಕೆಲಸ. ಆರು ವರ್ಷದ ಹುಡುಗಿ, ಕೆಳಗಿನ ಹಾಲುದವಡೆ ಹಲ್ಲು ಹುಳುಕು. ಇಲ್ಲಿ ಹಾಲುಹಲ್ಲಿಗೆ ಅಂಕಿಯಲ್ಲ, ಅಕ್ಷರ, ಇವಳದು ‘ಡಿ’. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ರೂಢಿಸಿದ ವಿಧಾನ: ಸೂಜಿಯಿಲ್ಲ, ಕೊರೆಯುವುದಿಲ್ಲ, ಹುಳುಕನ್ನು ತೆಗೆಯುವುದೂ ಇಲ್ಲ. ಸ್ಟೀಲ್ ಕ್ಯಾಪಿಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲಿಟ್ಟು ಮುಚ್ಚಿಬಿಡುವುದು. ಒಳಗೆ ಸಿಕ್ಕಿಬಿದ್ದ ಕ್ರಿಮಿಗೆ ಸಕ್ಕರೆ ಸಿಗುವುದಿಲ್ಲ, ಹುಳುಕು ಅಲ್ಲಿಗೇ ನಿಲ್ಲುತ್ತದೆ. ಹೋದ ವಾರ ಹಲ್ಲಿನ ಎರಡೂ ಬದಿಗೆ ರಬ್ಬರ್ ಬಳೆ ಸೇರಿಸಿ ಜಾಗ ಮಾಡಿಟ್ಟಿದ್ದೆ.

ಅವಳನ್ನು ನೆಟ್ಟಗೆ ಕೂರಿಸಿದ್ದೇನೆ. ಕ್ಯಾಪು ಜಾರಿ ಗಂಟಲಿಗೆ ಬೀಳದಂತೆ ಹಿಂದೆ ಗಾಜ್ ಬಟ್ಟೆ. ನನ್ನ ಬೆರಳು ತಣ್ಣಗಾಗಿದೆ, ಗ್ಲೌಸಿನಿಂದಾಗಿ ಅವಳಿಗೆ ಗೊತ್ತಾಗದು. “ಈಗ ಕಚ್ಚು. ಗಟ್ಟಿಯಾಗಿ. ಇನ್ನೂ ಗಟ್ಟಿಯಾಗಿ!” ಟಕ್ ಎಂದು ಕೂತಿತು. ಅಂಚಿನಿಂದ ಉಕ್ಕಿದ ಸಿಮೆಂಟ್ ಒರೆಸಿ ಕನ್ನಡಿ ಕೊಟ್ಟೆ. “ರೋಬೋ ಹಲ್ಲು!” ಅಂದಳು. ಮೇಡಂ ಒತ್ತಿ ನೋಡಿದರು, ಏನೂ ಅನ್ನದೆ ನನ್ನ ಪುಸ್ತಕಕ್ಕೆ ಸಹಿ ಹಾಕಿದರು.

ಅವಳಿಗೆ ಹತ್ತು ವರ್ಷ ಆಗುವ ಹೊತ್ತಿಗೆ ಆ ಹಲ್ಲು ಕ್ಯಾಪಿನ ಸಮೇತ ತಾನಾಗಿ ಬೀಳುತ್ತದೆ. ಇಲ್ಲಿನ ಮಕ್ಕಳು ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾರೆ. ನಾವು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆವು.